ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ

2023ರ ಜುಲೈಯಲ್ಲಿ ನಮಗೆ ಛತ್ರಪತಿ ಸಂಭಾಜಿನಗರದಿಂದ ನಾಶಿಕಕ್ಕೆ ವರ್ಗವಾಯಿತು. ಕೇಂದ್ರ ಸರಕಾರದ ಗುಮಾಸ್ತರಾದ ನಮಗೆ ಗಂಟುಮೂಟೆ ಕಟ್ಟುವುದು ಹೊಸದೇನಲ್ಲ. ಸಾಮಾನು ಬಿಚ್ಚುವ ಮೊದಲೇ ಧಾರವಾಡದಿಂದ ಅತ್ತೆಯವರ ಫೋನು ಬಂತು.

“ಅಳಿಯಾರ, ಅಧಿಕ ಮಾಸ ಬಂತು. ಮೂವತ್ತಮೂರು ಅನಾರಸ ಕೊಡಬೇಕು, ಎಲ್ಲಾರೂ ಬರ್ರಿ. ಹ್ವಾದ ಅಧಿಕಕ್ಕ ಕೊರೋನಾ ಅಂದ್ರಿ. ನೀವು ಅಮಾಸಿಗೊಮ್ಮೆ ಹುಣ್ಣಿಮಿಗೊಮ್ಮೆ ಬರೋ ಮಂದಿ!”

ಹೊಸ ಕಚೇರಿ, ರಜೆ ಕೇಳಲು ಸಂಕೋಚ. ನಾವು ಹೋಗಲಿಲ್ಲ.

ಆಗಸ್ಟ್ 30ರ ಸಂಜೆ, ಎಂಟನೇ ಇಯತ್ತೆಯ ನಮ್ಮ ಮಗ ‘ಒನ್ಸ್ ಇನ್ ಎ ಬ್ಲೂ ಮೂನ್’ ಎಂದರೇನೆಂದು ಕೇಳಿದ. ಬಿ.ಎಸ್‌ಸಿ. ಓದಿದ ಜಂಬ ನಮಗೆ! ಅವನನ್ನು ಗಚ್ಚಿಗೆ ಕರೆದೊಯ್ದು ಚಂದ್ರನನ್ನು ತೋರಿಸಿದೆವು. “ಬಲು ಅಪರೂಪಕ್ಕೆ ಎಂದರ್ಥ. ಒಂದೇ ಇಂಗ್ಲಿಷ್ ತಿಂಗಳಲ್ಲಿ ಬರುವ ಎರಡನೆಯ ಹುಣ್ಣಿಮೆಗೆ ಈಗ ಆ ಹೆಸರು. ಬಣ್ಣವೇನೂ ನೀಲಿಯಲ್ಲ. ಹನ್ನೆರಡು ಚಾಂದ್ರಮಾಸಕ್ಕೆ 354 ದಿನ. ವರ್ಷಕ್ಕೆ 11 ದಿನ ಕಡಿಮೆ. ಆ ಬಾಕಿ ಕೂಡಿ ಎರಡೂವರೆ ಮೂರು ವರ್ಷಕ್ಕೆ ಒಂದು ಹುಣ್ಣಿಮೆ ಹೆಚ್ಚಾಗುತ್ತದೆ. ನಮ್ಮ ಅಧಿಕ ಮಾಸದ ಲೆಕ್ಕವೂ ಅದೇ.”

ಮಗ ಕೆಳಗಿಳಿದು ವಾಕ್ಯ ರಚಿಸಿದ. ಓದಿ ನೋಡಿದೆವು: ‘ನಾವು ಅಜ್ಜಿಯನ್ನು ನೋಡಲು ಹೋಗುವುದು ಬ್ಲೂ ಮೂನ್‌ಗೊಮ್ಮೆ.’ ವ್ಯಾಕರಣದಲ್ಲಿ ತಪ್ಪಿರಲಿಲ್ಲ; ತಿದ್ದಲು ನಮಗೇನೂ ಸಿಗಲಿಲ್ಲ.

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅಮಾವಾಸ್ಯೆಯಿಂದ ಹುಣ್ಣಿಮೆಗೆ ಹದಿನೈದೇ ದಿನ. ನಮ್ಮ ಹಿರಿಯರಿಗೆ ಹದಿನೈದು ದಿನ ಮುಖ ಕಾಣದಿದ್ದರೆ ಅದೇ ‘ಅಪರೂಪ’ವಾಗಿತ್ತು! ಅತ್ತೆಯವರು ಬೈದದ್ದೆಂದು ತಿಳಿದಿದ್ದೆವು. ಲೆಕ್ಕ ಹಾಕಿದರೆ ಅವರು ನಮ್ಮನ್ನು ಹೊಗಳಿದ್ದರು. ನಾವಿರುವ ನಾಶಿಕದಲ್ಲೋ ಸಿಂಹಸ್ಥ ಮೇಳ ಹನ್ನೆರಡು ವರ್ಷಕ್ಕೊಮ್ಮೆ, 2015ರಲ್ಲಿ ಆಗಿತ್ತು. ಗುರುಗ್ರಹ ತಪ್ಪದೆ ಸಿಂಹರಾಶಿಗೆ ಮರಳುತ್ತದೆ, ಚಂದ್ರನೂ ತನ್ನ ಬಾಕಿ ತೀರಿಸುತ್ತಾನೆ. ಎಪ್ಪತ್ತೆಂಟು ದಾಟಿದ ಜೀವ ಮುಂದಿನ ಅಧಿಕಕ್ಕೆ ಕಾದಿರುತ್ತದೆಂದು ಯಾವ ಪಂಚಾಂಗದಲ್ಲಿದೆ?

ಮರುದಿನವೇ ರಜೆ ಅರ್ಜಿ ಬರೆದೆವು. ದಸರೆಗೆ ಧಾರವಾಡ ತಲುಪಿದಾಗ ಅತ್ತೆಯವರು ಒಲೆಯ ಮುಂದೆ ಕುಳಿತು ಅನಾರಸ ಕರಿಯುತ್ತಿದ್ದರು. ಎಣಿಸಿ ಮೂವತ್ತಮೂರು ತಟ್ಟೆಗಿಟ್ಟರು.

“ಈಗ ಅಧಿಕ ಮಾಸ ಎಲ್ಲೈತ್ರೀ?” ಎಂದೆವು.

“ಮಾಸ ಇಲ್ಲದಿದ್ರ ಏನಾತು? ನೀವು ಬಂದದ್ದ ಅಧಿಕ, ತಿನ್ರಿ” ಎಂದರು.