ಸವೆಯುವ ಸರಕು

ಕೆಲವು ವರ್ಷಗಳ ಹಿಂದೆ ನನ್ನಾಕೆಯ ಥೈರಾಯಿಡ್ ಗ್ರಂಥಿಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದ ಬಳಿಕ, ವಿಕಿರಣ ಸೂಸುವ ಅಯೋಡಿನ್ ಕೊಡಬೇಕೆಂದು ವೈದ್ಯರು ಗೊತ್ತುಮಾಡಿದರು. ಅದಕ್ಕಾಗಿ ಅವಳು ನಾಲ್ಕು ವಾರ ಮಾತ್ರೆ ಬಿಟ್ಟಳು, ಅಂಗಡಿಯ ಅಯೋಡಿನ್ ಉಪ್ಪು ಬಿಟ್ಟಳು. ಮೆಟ್ಟಿಲು ಹತ್ತಲಾರದಷ್ಟು ಸೊರಗಿದಳು. ಗೊತ್ತಾದ ದಿನ ಬೆಳಗಿನಿಂದ ಉಪವಾಸವಿದ್ದು ಕಾದೆವು. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬಂತು: ಮುಂಬಯಿಯಿಂದ ಬರಬೇಕಾದ ಪೆಟ್ಟಿಗೆ, ಯಾವುದೋ ಕಾಗದಕ್ಕೆ ರುಜು ಬಿದ್ದಿಲ್ಲವೆಂದು ದಾರಿಯಲ್ಲೇ ನಿಂತಿದೆ.

"ನಾಳೆ ಬಂದರಾಯಿತು" ಎಂದೆ, ದೊಡ್ಡ ಉದಾರಿಯಂತೆ.

"ಅದು ಅಕ್ಕಿ ಮೂಟೆಯಲ್ಲ, ಸಾರ್" ಎಂದರು ತರುಣ ವೈದ್ಯರು. "ಎಂಟು ದಿನಕ್ಕೆ ಅರ್ಧವಾಗುತ್ತದೆ. ನಿಂತಲ್ಲೇ ಸವೆಯುತ್ತಿರುತ್ತದೆ."

ನನ್ನ ಉದಾರತೆ ಅಲ್ಲಿಗೆ ಮುಗಿಯಿತು. ಆಮೇಲೆ ನಾನು ಕೂಗಾಡಿದ್ದನ್ನು ಇಲ್ಲಿ ಬರೆಯುವುದು ಬೇಡ. ಪೆಟ್ಟಿಗೆ ಮರುದಿನ ಬಂತು. ಅವಳು ಈಗ ಸುಖವಾಗಿದ್ದಾಳೆ. ಆದರೆ ಆ ಒಂದು ದಿನದ ಅನುಭವವಿಲ್ಲದಿದ್ದರೆ, ಬರ್ಕೀಲಿಯಂ ಎಂಬ ಧಾತುವಿನ ಪ್ರಯಾಣದ ಕಥೆಯನ್ನು ಓದಿ, ನಕ್ಕು, ಪುಟ ತಿರುವಿಬಿಡುತ್ತಿದ್ದೆನೇನೋ.

ಅದುವರೆಗೆ ಯಾರೂ ಕಾಣದಿದ್ದ 117ನೆಯ ಧಾತುವನ್ನು ಸೃಷ್ಟಿಸಬೇಕೆಂಬುದು ಮಾಸ್ಕೋ ಬಳಿಯ ದುಬ್ನಾ ಊರಿನ ವಿಜ್ಞಾನಿ ಯೂರಿ ಒಗನೆಸ್ಯಾನ್ ಮತ್ತು ಅವರ ಸಂಗಡಿಗರ ಸಂಕಲ್ಪ. ಲೆಕ್ಕವೇನೋ ಎರಡನೆಯ ತರಗತಿಯದು: ಬರ್ಕೀಲಿಯಂ ಪರಮಾಣುವಿನಲ್ಲಿ 97 ಪ್ರೋಟಾನು, ಕ್ಯಾಲ್ಸಿಯಮ್ಮಿನಲ್ಲಿ 20, ಕೂಡಿದರೆ 117. ಆದರೆ ಆ ಬರ್ಕೀಲಿಯಂ ಯಾವ ಗಣಿಯಲ್ಲಿಯೂ ಸಿಕ್ಕುವುದಿಲ್ಲ. ಅಮೆರಿಕದ ಟೆನೆಸೀ ಪ್ರಾಂತದ ಓಕ್ ರಿಡ್ಜಿನವರು ರಿಯಾಕ್ಟರಿನಲ್ಲಿ 250 ದಿನ ಬೇಯಿಸಿ, ಮತ್ತೆ 90 ದಿನ ಶೋಧಿಸಿ, 2009ರಲ್ಲಿ ಪಡೆದದ್ದು 22 ಮಿಲಿಗ್ರಾಂ. ಒಗ್ಗರಣೆಯ ಒಂದು ಚಿಟಿಕೆ ಸಾಸಿವೆಗಿಂತ ಕಡಿಮೆ ತೂಕ. ಅದರಲ್ಲಿಯೂ ಸುಮಾರು 330 ದಿನಕ್ಕೆ ಅರ್ಧ ಕ್ಯಾಲಿಫೋರ್ನಿಯಂ ಆಗಿ ಹೋಗುತ್ತದೆ.

ಇಂಥ ಸರಕನ್ನು ವಿಮಾನದಲ್ಲಿ ರಷ್ಯಕ್ಕೆ ಕಳುಹಿಸಿದರು. ಅಲ್ಲಿನ ಸುಂಕದ ಅಧಿಕಾರಿಗಳು ಕಾಗದಪತ್ರ ಪೂರ್ಣವಾಗಿಲ್ಲವೆಂದು ಹಿಂದಕ್ಕೆ ಕಳುಹಿಸಿದರು. ಒಮ್ಮೆ ಅಲ್ಲ, ಎರಡು ಸಲ! ಪಾಪ, ಬರ್ಕೀಲಿಯಂ ಐದು ಬಾರಿ ಅಟ್ಲಾಂಟಿಕ್ ಸಾಗರವನ್ನು ದಾಟಿತು. ರುಜುವಿಗಾಗಿ ಕಾಯುವುದೆಂದರೇನೆಂದು ಬಲ್ಲವನಿಗೆ ಇದು ನಗುವ ಮಾತಲ್ಲ.

ಕೊನೆಗೆ ಅದನ್ನು ತೆಳುವಾದ ಹಾಳೆಗೆ ಲೇಪಿಸಿ, ದುಬ್ನಾದ ಯಂತ್ರದಲ್ಲಿಟ್ಟು, ಬೆಳಕಿನ ವೇಗದ ಸುಮಾರು ಹತ್ತನೆಯ ಒಂದು ಪಾಲು ವೇಗದಲ್ಲಿ ಕ್ಯಾಲ್ಸಿಯಂ ಕಣಗಳನ್ನು 150 ದಿನ ಹಗಲಿರುಳು ಹೊಡೆದರು. ದೊರೆತದ್ದು ಆರು ಪರಮಾಣುಗಳು.

ಆರನ್ನೂ ಯಾರೂ ಕಣ್ಣಿಂದ ನೋಡಲಿಲ್ಲ. ಹುಟ್ಟಿದ ಪರಮಾಣು ಹಾರಿಹೋಗಿ ಸಿಲಿಕಾನ್ ಫಲಕವೊಂದರಲ್ಲಿ ಹುದುಗುತ್ತದೆ. ಕಣ್ಣೆವೆ ಮುಚ್ಚುವಷ್ಟರಲ್ಲಿ ಒಂದು ಆಲ್ಫಾ ಕಣವನ್ನು ಉಗುಳುತ್ತದೆ. ಅದರೊಡನೆ ಎರಡು ಪ್ರೋಟಾನು ಹೋಗಿ 117 ಎಂಬುದು 115 ಆಗುತ್ತದೆ, ಬಳಿಕ 113, 111. ಫಲಕದ ಅದೇ ಚುಕ್ಕೆಯಲ್ಲಿ ಒಂದಾದ ಮೇಲೊಂದು ಕಿಡಿ. ಕಟ್ಟಕಡೆಗೆ ಎರಡು ಹೋಳು. ಆ ಕಿಡಿಗಳ ಶಕ್ತಿಯನ್ನೂ ಕಾಲವನ್ನೂ ಅಳೆದು, ಹೀಗೆ ಸತ್ತದ್ದರಿಂದ ಇಂಥದೇ ಹುಟ್ಟಿದ್ದಿರಬೇಕೆಂದು ತೀರ್ಮಾನ. ಆರರಲ್ಲಿ ಐದು ಬೇಗ ಮುಗಿದುವು. ಒಂದು ಮಾತ್ರ ಇಳಿಯುತ್ತ ಇಳಿಯುತ್ತ 105ರವರೆಗೆ ಬಂದು, ಅಲ್ಲಿ ಒಂದು ದಿನಕ್ಕೂ ಮಿಗಿಲಾಗಿ ತಂಗಿ, ಒಡೆಯಿತು. 105ನೆಯ ಧಾತುವಿನ ಹೆಸರು ದುಬ್ನಿಯಂ. ಅದೇ ಊರಿನ ಹೆಸರು. ಪ್ರಯೋಗ ಮಾಡಿದವರು ಆ ದಿನ ಮನೆಗೆ ಹೋಗಿ ನಿದ್ದೆಮಾಡಿದರೋ ಇಲ್ಲವೋ!

ಫಲಿತಾಂಶ 2010ರಲ್ಲಿ ಪ್ರಕಟವಾಯಿತು. 2016ರಲ್ಲಿ ಆ ಧಾತುವಿಗೆ ಟೆನೆಸೀನ್ ಎಂಬ ಹೆಸರು ನಿಂತಿತು.

ಇದನ್ನೆಲ್ಲ ರಾತ್ರಿ ಊಟದ ಹೊತ್ತಿನಲ್ಲಿ ಹೇಳಿದೆ. ಅವಳು ಮಜ್ಜಿಗೆ ಬಡಿಸುತ್ತ, "ಐದು ಸಲ ದಾಟಿದರೂ ಅವರು ಆರು ಪರಮಾಣು ತೆಗೆದರು. ನನ್ನದು ಒಂದು ದಿನ ನಿಂತದ್ದಕ್ಕೆ ನೀವು ಆಸ್ಪತ್ರೆಯಲ್ಲಿ ಹಾಕಿದ ಕೂಗು ಪಕ್ಕದ ವಾರ್ಡಿಗೂ ಕೇಳಿಸಿತ್ತು" ಎಂದಳು.