ತಾಳಗುಂದದ ಮಂಜಿನಲ್ಲೊಂದು ಓಟ

ಹಿಮ ಬಿದ್ದ ಬೆಟ್ಟದಲ್ಲಿ ಓಡುವವರ ಚಿತ್ರ ನೋಡಿದಾಗಿನಿಂದ ಮಗಳಿಗೆ ಅದೇ ಗುಂಗು. ಶಿಕಾರಿಪುರ ಸೀಮೆಗೆ ಹಿಮ ಎಲ್ಲಿಂದ ಬರಬೇಕು? ಆದರೆ ಕನ್ನಡದಲ್ಲಿ ಹಿಮವೂ ಮಂಜೇ, ಚಳಿಗಾಲದ ಬೆಳಗಿನ ಮುಸುಕೂ ಮಂಜೇ. 'ನಮ್ಮ ಮಂಜಿನಲ್ಲೇ ಓಡೋಣ ಬಾರವ್ವ' ಎಂದು ಡಿಸೆಂಬರಿನ ಒಂದು ನಸುಕಿನಲ್ಲಿ ಅವಳನ್ನು ಶಿರಾಳಕೊಪ್ಪದ ಬಳಿಯ ತಾಳಗುಂದಕ್ಕೆ ಕರೆದೊಯ್ದೆ.

ಗದ್ದೆ ಕೊಯ್ಲಾಗಿತ್ತು. ಹತ್ತು ಮಾರು ಮುಂದಿನದು ಕಾಣದು. ಬದುವಿನ ಹುಲ್ಲಿನ ಇಬ್ಬನಿಗೆ ಬೂಟು ತೊಯ್ದು ಭಾರವಾಯಿತು. ಮುಂದೆ ಓಡಿದ ಮಗಳು ಮಂಜಿನಲ್ಲಿ ಮರೆಯಾದಳು. ಕೂಗಿದೆ, ಉತ್ತರವಿಲ್ಲ. ಬರುವ ಜೂನಿನಲ್ಲಿ ಓದಲು ದೂರದ ಊರಿಗೆ ಹೋಗುತ್ತೇನೆ ಎನ್ನುತ್ತಿದ್ದಳು; ನಾನಿನ್ನೂ ಒಪ್ಪಿರಲಿಲ್ಲ.

ಪ್ರಣವೇಶ್ವರ ಗುಡಿಯ ಮುಂದಿನ ಕಂಬದ ಬಳಿ ಸಿಕ್ಕಳು. ಕುಬ್ಜ ಕವಿ ರಚಿಸಿದ 5ನೇ ಶತಮಾನದ ಈ ಸಂಸ್ಕೃತ ಶಾಸನದಲ್ಲಿರುವುದೂ ಓದಲು ಹೊರಟವನ ಕಥೆಯೇ. ಮಯೂರಶರ್ಮ ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಯಿತು. ಅವಮಾನಗೊಂಡು ಖಡ್ಗ ಹಿಡಿದ. ಶ್ರೀಪರ್ವತದವರೆಗಿನ ದುರ್ಗಮ ಕಾಡು ಸೇರಿ ಪಲ್ಲವರನ್ನು ಕಾಡಿದ. ಕಡೆಗೆ ಕದಂಬ ರಾಜ್ಯವನ್ನೇ ಕಟ್ಟಿದ. ಇದೇ ಆವರಣದಲ್ಲಿ 2013ರಲ್ಲಿ ಸಿಕ್ಕ ಸಿಂಹ ಕಟಾಂಜನದ ಶಾಸನ ಸುಮಾರು ಕ್ರಿ.ಶ. 370ರದು, ಅದರಲ್ಲಿರುವುದು ಹಲ್ಮಿಡಿಗಿಂತ ಹಿಂದಿನ ಕನ್ನಡ ಎಂಬುದು ಕೆಲವು ವಿದ್ವಾಂಸರ ಅಭಿಪ್ರಾಯ.

'ಅಷ್ಟು ದೂರ ಹೋಗಬೇಡ ಅಂತ ಮನೆಯವರು ತಡೆದಿದ್ದರೆ ಏನಾಗ್ತಿತ್ತಪ್ಪಾ?' ಎಂದಳು ಮಗಳು.

ಉತ್ತರ ಹೊಳೆಯಲಿಲ್ಲ. ಅಷ್ಟರಲ್ಲಿ ಬಿಸಿಲೇರಿ ಮಂಜು ಕರಗಿತು, ಗದ್ದೆಯಾಚೆಯ ದಾರಿ ಕಂಡಿತು. 'ನೀನು ಮುಂದೆ ಓಡು, ನಾನು ನಿಧಾನಕ್ಕೆ ಬರ್ತೀನಿ' ಎಂದೆ. ಅವಳಿಗೆ ಅರ್ಥವಾಯಿತು.