ಜೋಳದ ಸೀಮೆಯಿಂದ ತೆರೆಯ ಊರಿಗೆ

ಮೂಲ್ಕಿಯಲ್ಲಿ ಕಡಲಿಗೆ ಸಮೀಪವಿದ್ದ ಆ ವಸತಿಗೃಹದ ಒಂದೊಂದು ಕೋಣೆಯಲ್ಲಿ ಎಂಟೆಂಟು ಹಾಸಿಗೆಗಳು. ಒಂದರ ಮೇಲೊಂದು ಜೋಡಿಸಿದ ನಾಲ್ಕು ಕಬ್ಬಿಣದ ಮಂಚಗಳು. ಹಾಸಿಗೆಗೆ ದಿನಕ್ಕೆ 500 ರೂಪಾಯಿ. ಬಾಡಿಗೆ ಕೋಣೆಗಲ್ಲ, ಮೈ ಚಾಚುವಷ್ಟು ಜಾಗಕ್ಕೆ. ಬಚ್ಚಲು ಎಲ್ಲರದು, ಅಡುಗೆಮನೆಯ ಒಲೆ ಎಲ್ಲರದು, ಚಪ್ಪಲಿ ಬಿಡುವ ಮೆಟ್ಟಿಲೂ ಎಲ್ಲರದು. ಸ್ವಂತದ್ದೆಂದರೆ ತಲೆಯ ಕಡೆಗೊಂದು ಸಣ್ಣ ದೀಪ, ಕಾಲ ಕಡೆಗೊಂದು ಬೀಗದ ಪೆಟ್ಟಿಗೆ. ಅಂಗಳದ ತೆಂಗಿನ ಮರಗಳಿಗೆ ಆನಿಸಿಟ್ಟಿದ್ದ ಉದ್ದನೆಯ ಹಲಗೆಗಳನ್ನು ಕಂಡು, ಹುಲಜಂತಿ ಕಡೆಯಿಂದ ಬಂದಿದ್ದ ಕನ್ನಡ ಶಾಲೆಯ ಮಾಸ್ತರರು ಇಲ್ಲಿ ಬಡಗಿಯ ಕೆಲಸವೂ ನಡೆಯುತ್ತದೆಯೇನೋ ಎಂದುಕೊಂಡರು. ಅವು ತೆರೆಯ ಮೇಲೆ ನಿಂತು ಜಾರುವ ಸರ್ಫ್ ಹಲಗೆಗಳೆಂದು ಮಗಳು ತಿಳಿಸಬೇಕಾಯಿತು.

ಅವರು ಬಂದದ್ದು ಸರ್ಫಿಂಗ್‌ಗಾಗಿ ಅಲ್ಲ. ಮಗಳು ಮಾರ್ಚಿಯಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆ ಬರೆದಿದ್ದಳು. ಗಡಿಯ ಕನ್ನಡ ಶಾಲೆಯ ಪ್ರತಿಯೊಂದು ಮನೆಯಲ್ಲಿಯೂ ಆ ವರ್ಷ ಒಂದೇ ಪ್ರಶ್ನೆ ಏಳುತ್ತದೆ: ಮುಂದೆ ಎಲ್ಲಿ? ಸೊಲ್ಲಾಪುರಕ್ಕೆ ಕಳುಹಿಸಿದರೆ ಹತ್ತು ವರ್ಷ ಓದಿದ ಕನ್ನಡ ಅಲ್ಲಿಗೆ ನಿಲ್ಲುವ ಭಯ. ಗಡಿ ದಾಟಿಸಿದರೆ ಮಗು ಕಣ್ಣಿಗೆ ದೂರವಾಗುವ ಭಯ. ಉತ್ತರದ ಜಿಲ್ಲೆಗಳ ಅನೇಕರು ಮಕ್ಕಳನ್ನು ಪಿಯುಸಿಗೆಂದು ಮೂಡುಬಿದಿರೆಗೆ ಕಳುಹಿಸುವುದನ್ನು ಮಾಸ್ತರರು ಕೇಳಿ ಬಲ್ಲರು. ಕಾಲೇಜನ್ನೂ ವಸತಿನಿಲಯವನ್ನೂ ಒಮ್ಮೆ ಕಣ್ಣಾರೆ ಕಂಡು ಬರೋಣವೆಂದು ವಿಜಯಪುರದಲ್ಲಿ ಮಧ್ಯಾಹ್ನ ರೈಲು ಹತ್ತಿದರು. ರಾತ್ರಿಯಿಡೀ ಸಾಗಿದ ಆ ಗಾಡಿ ಮರುದಿನ ಬೆಳಗ್ಗೆ ಸಕಲೇಶಪುರದಾಚೆಯ ಘಟ್ಟ ಇಳಿದು ಅವರನ್ನು ಮಂಗಳೂರಿಗೆ ಮುಟ್ಟಿಸಿತು. ಪಟ್ಟಣದ ಲಾಡ್ಜಿನ ದರ ಕೇಳಿ ಹಿಂಜರಿದಾಗ, ಅಲ್ಲಿಯೇ ನೌಕರಿಯಲ್ಲಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಈ ವಸತಿಗೃಹದ ವಿಳಾಸ ಕೊಟ್ಟ. ಮೂಲ್ಕಿಯಿಂದ ಮೂಡುಬಿದಿರೆಗೆ ಬಸ್ಸಿದೆ. ಮೂರು ರಾತ್ರಿಗೆ ಇಬ್ಬರಿಗೂ ಕೂಡಿ 3000 ರೂಪಾಯಿ. ಅಷ್ಟರಲ್ಲಿ ಮುಗಿಯುವುದಾದರೆ ಹಲಗೆಗಳಿದ್ದರೇನು, ಬಿಟ್ಟರೇನು?

ರಾತ್ರಿ ಫೋನಿನಲ್ಲಿ ಹೆಂಡತಿಯ ಮೊದಲ ಮಾತು, “ಗಂಡಸರು ಹೆಂಗಸರು ಒಂದ ಕ್ವಾಣಿಯಾಗ ಮಲಗತಾರೇನ್ರಿ ಅಲ್ಲಿ?” ಎಂಬುದಾಗಿತ್ತು. ಹೆಂಗಸರದು ಬೇರೆ, ಒಳಗಿನಿಂದ ಅಗಳಿಯಿದೆ ಎಂದು ಮಾಸ್ತರರು ಎರಡು ಸಲ ಹೇಳಿದರು. ಆದರೂ ಅಪರಿಚಿತರ ಉಸಿರಾಟದ ನಡುವೆ ಮಲಗುವುದಕ್ಕೆ ಹಣ ಕೊಡುವುದು ಅವರಿಗೆ ವಿಚಿತ್ರವೆನಿಸಿತು. ಹಾಗೆ ಮಲಗುವುದು ಹುಲಜಂತಿಯವರಿಗೆ ಹೊಸದಲ್ಲ. ದೀಪಾವಳಿ ಅಮಾವಾಸ್ಯೆಯ ರಾತ್ರಿ ಶಿವಪಾರ್ವತಿಯರೇ ಇಳಿದು ಬಂದು ಮಹಾಲಿಂಗರಾಯನ ಗುಡಿಯ ಶಿಖರಕ್ಕೆ ಮುಂಡಾಸ ಸುತ್ತುತ್ತಾರೆಂಬ ನಂಬಿಕೆಯಿಂದ ಎರಡೂ ರಾಜ್ಯಗಳ ಜನ ಅಲ್ಲಿ ನೆರೆಯುತ್ತಾರೆ. ಡೊಳ್ಳಿನ ನಾದದಲ್ಲಿ, ಭಂಡಾರದ ಹಳದಿಯಲ್ಲಿ ಊರೇ ಮುಳುಗಿರುವ ಆ ದಿನಗಳಲ್ಲಿ ಯಾರ ಕಟ್ಟೆಯ ಮೇಲೆ ಯಾರು ಕಂಬಳಿ ಹಾಸಿದರೆಂದು ಯಾರೂ ವಿಚಾರಿಸುವುದಿಲ್ಲ. ಬೀಗದ ಪೆಟ್ಟಿಗೆಯ ಮಾತಂತೂ ದೂರವೇ ಉಳಿಯಿತು.

ಈ ಆಟ ಕರ್ನಾಟಕದ ಕರಾವಳಿಗೆ ಬಂದು ಬಹಳ ಕಾಲವಾಗಿಲ್ಲ. 2004ರಲ್ಲಿ ಮೂಲ್ಕಿಯ ಆಶ್ರಮವೊಂದರಲ್ಲಿ ನೆಲೆಸಿದ್ದ ಅಮೆರಿಕದ ಸನ್ಯಾಸಿ ಜ್ಯಾಕ್ ಹೆಬ್ನರ್ ‘ಮಂತ್ರ ಸರ್ಫ್ ಕ್ಲಬ್’ ಆರಂಭಿಸಿದರು. 2007ರಲ್ಲಿ ಉಡುಪಿ ಜಿಲ್ಲೆಯ ಕೋಡಿ ಬೆಂಗ್ರೆಯಲ್ಲಿ ಇಶಿತಾ ಮಾಳವೀಯ ಮತ್ತು ತುಷಾರ್ ಪತಿಯಾನ್ ಎಂಬ ಇಬ್ಬರು ತರುಣರು ‘ಶಾಕಾ’ ಕ್ಲಬ್ ಕಟ್ಟಿದರು. 2016ರಲ್ಲಿ ಶಾಂಭವಿ, ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ ಮೊದಲ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. ಮೂಲ್ಕಿಯವರೇ ಆದ ತನ್ವಿ ಜಗದೀಶ್, ಹಲಗೆಯ ಮೇಲೆ ನಿಂತು ಹುಟ್ಟು ಹಾಕುವ ಆಟದಲ್ಲಿ ದೇಶದ ಚಾಂಪಿಯನ್ ಆದರು. ವಸತಿಗೃಹದ ಗೋಡೆಯ ಮೇಲೆ ಅಂಟಿಸಿದ್ದ ಪತ್ರಿಕೆಯ ತುಣುಕೊಂದರ ಮುಂದೆ ಮಾಸ್ತರರ ಮಗಳು ಬಹಳ ಹೊತ್ತು ನಿಂತಳು. 2025ರ ಆಗಸ್ಟ್‌ನಲ್ಲಿ ಮಹಾಬಲಿಪುರದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ್ ಅವರ ಸುದ್ದಿಯದು. ಅವಳನ್ನು ನಿಲ್ಲಿಸಿದ್ದು ಪದಕವಲ್ಲ, ಅಡ್ಡಹೆಸರು. ಬೂದಿಹಾಳ ಎಂಬ ಊರುಗಳು ವಿಜಯಪುರ, ಬಾಗಲಕೋಟೆಯ ಕಡೆ ಒಂದಕ್ಕಿಂತ ಹೆಚ್ಚಿವೆ. ಕೇರಳದ ಕೋವಳಂ ದಡದಲ್ಲಿ ಬೆಳೆದ ಆಟಗಾರನ ಹೆಸರಿನಲ್ಲಿ ಬಯಲುಸೀಮೆಯ ಊರೊಂದು ಕುಳಿತಿರುವುದು ಅವಳಿಗೆ ಒಂದು ಗುಟ್ಟು ಸಿಕ್ಕಂತೆ ಆಗಿತ್ತು.

ರಾತ್ರಿ ಊಟದ ಮೇಜೂ ಎಲ್ಲರದೇ. ಮಾಸ್ತರರು ಕಟಕ ರೊಟ್ಟಿಯ ಗಂಟನ್ನೂ ಶೇಂಗಾ ಚಟ್ನಿಯ ಡಬ್ಬಿಯನ್ನೂ ಬಿಚ್ಚಿದರು. ಮಗಳ ಮೇಲಿನ ಹಾಸಿಗೆಯಲ್ಲಿ ಇಳಿದುಕೊಂಡಿದ್ದವಳು ಪೋರ್ಚುಗಲ್ ದೇಶದ ಯುವತಿ. ಪೋರ್ಚುಗೀಸರೆಂದರೆ ಹುಡುಗಿಗೆ ಗೊತ್ತಿದ್ದದ್ದು ಶಾಲೆಯ ಕಪಾಟಿನಲ್ಲಿದ್ದ ರಾಣಿ ಅಬ್ಬಕ್ಕನ ಕಥೆಯಿಂದ ಮಾತ್ರ. ಅಬ್ಬಕ್ಕ ಅವರನ್ನು ಎದುರಿಸಿದ ಉಳ್ಳಾಲ ಇದೇ ದಂಡೆಯ ಮೇಲೆ, ಮಂಗಳೂರಿನ ಆಚೆಗಿದೆ. ನಾಲ್ಕು ನೂರು ವರ್ಷಗಳ ಮೇಲೆ ಆ ದೇಶದವಳೊಬ್ಬಳು ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೊರೆಸಿಕೊಳ್ಳುತ್ತ, ಇನ್ನೊಂದು ಚಮಚ ಬಡಿಸಿಕೊಳ್ಳುತ್ತ ಎದುರಿಗೆ ಕುಳಿತಿದ್ದಳು.

ಹುಡುಗಿಯ ಶಾಲೆಯ ಇಂಗ್ಲಿಷು ನಿಧಾನವಾಗಿಯಾದರೂ ನಡೆಯಿತು. ತನ್ನ ದೇಶದ ನಜರೆ ಎಂಬ ಮೀನುಗಾರರ ಊರಿನ ಮುಂದೆ ಕಡಲ ತಳದಲ್ಲಿ ಆಳವಾದ ಕಣಿವೆಯಿದ್ದು, ಅದರಿಂದಲೇ ಅಲ್ಲಿ ಬೆಟ್ಟದಂಥ ಅಲೆಗಳೇಳುತ್ತವೆ ಎಂದು ಆ ಯುವತಿ ಹೇಳಿದಳು. 2020ರ ಅಕ್ಟೋಬರ್ 29ರಂದು ಜರ್ಮನಿಯ ಸೆಬಾಸ್ಟಿಯನ್ ಸ್ಟ್ಯೂಟ್ನರ್ ಅಲ್ಲಿ ಇಳಿದ ಅಲೆಯ ಎತ್ತರ 26.21 ಮೀಟರ್ ಎಂದು ದಾಖಲಾಗಿದೆ. ಮಾಸ್ತರರು ತಕ್ಷಣ ಲೆಕ್ಕ ಹಾಕಿದರು: ಗೋಳಗುಮ್ಮಟದ ಅರ್ಧ ಎತ್ತರ! ಅಲ್ಲಿಯೂ ಇಂಥವೇ ಅಗ್ಗದ ವಸತಿಗಳು ಎಷ್ಟೋ ಇವೆಯಂತೆ. ಹಾಸಿಗೆ ಅಗ್ಗ, ಆದರೆ ಅವು ಹೆಚ್ಚಿದಂತೆ ಊರವರಿಗೆ ಮನೆಯ ಬಾಡಿಗೆ ತುಟ್ಟಿಯಾಯಿತು ಎಂದು ಅವಳು ಸೇರಿಸಿದಳು. ಈ ಮಾತನ್ನು ಮೂಲ್ಕಿಯವರೂ ಕೇಳಿಸಿಕೊಳ್ಳುವುದು ಒಳ್ಳೆಯದು.

ಮಾಸ್ತರರು ಭೂಗೋಲ ಕಲಿಸುವವರು. ಅಲೆಯ ಪಾಠವನ್ನು ಇಪ್ಪತ್ತು ವರ್ಷ ಒಂದೇ ದೃಷ್ಟಾಂತದಿಂದ ಹೇಳುತ್ತ ಬಂದವರು: ಗಾಳಿ ಬೀಸಿದಾಗ ಜೋಳದ ಹೊಲದಲ್ಲಿ ತೆನೆಗಳು ಬಾಗಿ ಏಳುತ್ತವೆ, ಅಲೆ ಬದುವಿನಿಂದ ಬದುವಿಗೆ ಓಡುತ್ತದೆ, ಆದರೆ ದಂಟು ನಿಂತಲ್ಲೇ ನಿಂತಿರುತ್ತದೆ, ಹಾಗೆಯೇ ಸಾಗರದಲ್ಲಿ ಮುಂದೆ ಸಾಗುವುದು ನೀರಲ್ಲ, ಅದರ ಏರಿಳಿತ. ಮಂಗಳವೇಢೆಯ ಜೋಳಕ್ಕೆ ಭೌಗೋಲಿಕ ಗುರುತು ಸಿಕ್ಕಿರುವ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲ. ಮರುದಿನ ಬೆಳಗ್ಗೆ ದಡದಲ್ಲಿ ನಿಂತಾಗ ಅವರಿಗೆ ಅದರ ಕೊರತೆಯೂ ಕಂಡಿತು. ದಡಕ್ಕೆ ಬಂದ ಅಲೆಯ ಬುಡ ಮರಳಿಗೆ ತಡೆದು ಹಿಂದುಳಿಯುತ್ತದೆ, ನೆತ್ತಿ ಮುಂದಕ್ಕೆ ಕವಿದು ಒಡೆಯುತ್ತದೆ. ಆ ಗಳಿಗೆಯಲ್ಲಿ ನೀರು ನಿಜವಾಗಿಯೂ ಮುನ್ನುಗ್ಗುತ್ತದೆ. ಜೋಳದ ಹೊಲ ಎಂದೂ ಹಾಗೆ ಒಡೆಯುವುದಿಲ್ಲ.

“ಅಪ್ಪಾ, ನಾನೂ ಒಮ್ಮಿ ಇಳೀಲೇನು?”

“ನಿನಗ ಈಸು ಬರೂದಿಲ್ಲ.”

ಅದು ನಿಜ, ಮತ್ತು ಅದರಲ್ಲಿ ಅವಳ ತಪ್ಪೇನೂ ಇರಲಿಲ್ಲ. ಮಾಸ್ತರರು ತಮ್ಮ ಬಾಲ್ಯದಲ್ಲಿ ಬೆನ್ನಿಗೆ ಬೆಂಡು ಕಟ್ಟಿಕೊಂಡು ಬಾವಿಗೆ ಹಾರಿ ಈಸು ಕಲಿತವರು. ಅಕ್ಕತಂಗಿಯರನ್ನು ಯಾರೂ ಬಾವಿಗೆ ಇಳಿಸಲಿಲ್ಲ. ಮಗಳ ಕಾಲಕ್ಕೆ ಬೇಸಗೆಯ ಬಾವಿಯಲ್ಲಿ ಇಳಿಯುವಷ್ಟು ನೀರೇ ಉಳಿದಿರಲಿಲ್ಲ. ತಾಲೂಕಿನ ದಕ್ಷಿಣದ ಹಳ್ಳಿಗಳು ಏತ ನೀರಾವರಿಯ ದಾರಿ ಕಾಯುತ್ತಿರುವುದು ಇಂದು ನಿನ್ನೆಯಿಂದಲ್ಲ. ಸಾಲದೆಂಬಂತೆ ಒಂದೂವರೆ ತಾಸಿನ ಪಾಠಕ್ಕೆ 1500 ರೂಪಾಯಿ. ಮೂರು ಹಾಸಿಗೆಯ ಬಾಡಿಗೆ, ಸುಮಾರು ಅರ್ಧ ಕ್ವಿಂಟಲ್ ಜೋಳ.

ಕಲಿಸುವ ತರುಣ ಮೀನುಗಾರರ ಮನೆಯವನು. ಅವನು ಹಲಗೆಯೊಂದನ್ನು ತಂದು ಮರಳಿನ ಮೇಲೆ ಇಟ್ಟ. ಕಲಿಯುವವರ ಹಲಗೆ ಕಟ್ಟಿಗೆಯದಲ್ಲ. ಎಂಟೊಂಬತ್ತು ಅಡಿ ಉದ್ದದ, ಬೆರಳಿನಿಂದ ಒತ್ತಿದರೆ ತಗ್ಗುವ ಮೆತ್ತನೆಯ ಫೋಮಿನದು. ಮಾಸ್ತರರು ಬಾಗಿ ಒತ್ತಿ ನೋಡಿದರು, ಎತ್ತಿ ನೋಡಿದರು. “ಇದು ನಮ್ಮ ಬೆಂಡ ಐತಲ್ಲ!” ಎಂದರು.

“ಹೆದರುವುದು ಬೇಡ ಸರ್,” ಎಂದ ತರುಣ. “ಸೊಂಟದಷ್ಟೇ ನೀರು. ಕಾಲಿಗೆ ಹಗ್ಗ ಉಂಟಲ್ಲ, ನಾನೂ ಇದ್ದೇನಲ್ಲ.”

ಗಡಿಯ ಮಾಸ್ತರರಿಗೆ ಯಾರನ್ನು ಕಂಡರೂ ಕೇಳದೆ ಬಿಡಲಾಗದ ಪ್ರಶ್ನೆ ಒಂದಿದೆ. ಅವರು ಕೇಳಿದರು: ನಿಮ್ಮದು ಯಾವ ಮಾಧ್ಯಮ?

“ಕನ್ನಡ ಮಾಧ್ಯಮ ಸರ್, ಊರಿನ ಶಾಲೆ. ಮನೆಯಲ್ಲಿ ತುಳು. ಇಂಗ್ಲಿಷು, ಹಿಂದಿ ಎಲ್ಲ ಇಲ್ಲಿ, ಇವರ ಜೊತೆ ಕಲಿತದ್ದು.” ಅವನು ಅಂಗಳದ ಕಡೆ ಕೈ ತೋರಿಸಿದ.

ಮನೆಯಲ್ಲೊಂದು ಭಾಷೆ, ಶಾಲೆಯಲ್ಲೊಂದು ಭಾಷೆ, ದುಡಿಮೆಗೆ ಮತ್ತೊಂದು. ಹುಲಜಂತಿಯಲ್ಲಿಯೂ ಹಾಗೆಯೇ, ಸ್ಥಾನಗಳಷ್ಟೇ ಬೇರೆ. ಮನೆ, ಶಾಲೆ ಎರಡಕ್ಕೂ ಕನ್ನಡ, ತಹಸೀಲಿಗೆ ಮರಾಠಿ. ಕರ್ನಾಟಕದೊಳಗೆ ಎಲ್ಲರೂ ಕನ್ನಡವನ್ನೇ ಉಂಡು ಉಟ್ಟು ಬಾಳುತ್ತಾರೆಂಬ ಚಿತ್ರ ಹೊತ್ತು ಬಂದವರಿಗೆ, ಕನ್ನಡ ಇಲ್ಲಿಯೂ ಒಂದು ಭಾಷೆಯ ಪಕ್ಕದಲ್ಲಿ ಕುಳಿತಿದೆಯೆಂಬುದು ಆಗ ತಿಳಿಯಿತು. ಅಡುಗೆಯ ಹೆಂಗಸು ಹಿಂದಿನ ರಾತ್ರಿ “ವನಸ್ ಆಂಡಾ?” ಎಂದದ್ದು ಊಟವಾಯಿತೇ ಎಂಬ ವಿಚಾರಣೆಯೆಂದು ಮಗಳು ಆಗಲೇ ಕೇಳಿ ಕಲಿತಿದ್ದಳು. ಮಾಸ್ತರರು 1500 ರೂಪಾಯಿ ಎಣಿಸಿ ಕೊಟ್ಟರು.

ಆ ಒಂದೂವರೆ ತಾಸಿನಲ್ಲಿ ಅವಳು ಒಮ್ಮೆಯೂ ಹಲಗೆಯ ಮೇಲೆ ನೆಟ್ಟಗೆ ನಿಲ್ಲಲಿಲ್ಲ. ಮಂಡಿಯೂರುವಷ್ಟರಲ್ಲಿ ಬಿದ್ದಳು, ಉಪ್ಪುನೀರು ಕುಡಿದಳು, ಮೂಗಿನಲ್ಲಿ ಉರಿಯೆಂದು ಅತ್ತಳು, ಮತ್ತೆ ಹೋದಳು. ಕೊನೆಗೆ ಒಡೆದ ಅಲೆಯ ಬಿಳಿ ನೊರೆಯ ಮೇಲೆ ಹೊಟ್ಟೆಯಡಿಯಾಗಿ ಮಲಗಿಯೇ ದಡದವರೆಗೂ ಜಾರಿ ಬಂದು ತಂದೆಯ ಪಾದದ ಬಳಿ ನಿಂತಳು. ಮಾಸ್ತರರ ಧೋತರದ ಅಂಚು ಅಷ್ಟರಲ್ಲಿ ಮೊಳಕಾಲವರೆಗೆ ತೊಯ್ದಿತ್ತು. ತಾವು ಯಾವಾಗ ನೀರಿಗಿಳಿದರೆಂಬುದು ಅವರಿಗೇ ತಿಳಿದಿರಲಿಲ್ಲ.

ಮೂರನೆಯ ದಿನ ಪುಣೆಯ ಕಡೆಯ ಐದಾರು ಹುಡುಗರು ಬಂದಿಳಿದರು. ತರುಣ ಅವರನ್ನು ದಡದಲ್ಲಿ ನಿಲ್ಲಿಸಿ ಸೆಳವಿನ ಬಗ್ಗೆ ಹೇಳತೊಡಗಿದ. ಎರಡೂ ಬದಿಗೆ ಅಲೆ ಒಡೆಯುತ್ತಿದ್ದು ನಡುವೆ ನೀರು ಕಪ್ಪಗೆ, ಶಾಂತವಾಗಿ ಕಂಡರೆ ಅದು ಇಳಿಯುವ ಜಾಗವಲ್ಲ. ದಡಕ್ಕೆ ಬಂದ ನೀರು ಮರಳಿ ಹೋಗುವ ದಾರಿ ಅದು. ಅದರಲ್ಲಿ ಸಿಕ್ಕವರು ದಡಕ್ಕೆ ನೇರವಾಗಿ ಈಜಿ ದಣಿಯಬಾರದು. ದಡಕ್ಕೆ ಸಮಾಂತರವಾಗಿ ಸಾಗಿ ಸೆಳವಿನಿಂದ ಹೊರಬಿದ್ದು, ಆಮೇಲೆ ಅಲೆಗಳೊಂದಿಗೆ ದಡ ಸೇರಬೇಕು. ಅವನ ಹಿಂದಿ ‘ಸಮಾಂತರ’ದ ಬಳಿ ತಡವರಿಸಿತು. ಹುಡುಗರು ನಗುತ್ತ ಫೋಟೋ ತೆಗೆದುಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ಮಾಸ್ತರರ ಮಗಳು ಮರಾಠಿಯಲ್ಲಿ ಅದೆಲ್ಲವನ್ನೂ ಮತ್ತೆ ಹೇಳಿದಳು. ಮರಳಿನ ಮೇಲೆ ಕಾಲಿನಿಂದ ದಡದ ಗೆರೆ ಎಳೆದು, ಸೆಳವಿನ ಬಾಣ ಬರೆದು, ಈಜುವ ದಿಕ್ಕನ್ನು ತೋರಿಸಿದಳು. “ಘಾಬರೂ ನಕಾ” ಎಂದು ಮುಗಿಸಿದಳು. ಹುಡುಗರು ನಗು ನಿಲ್ಲಿಸಿ ಎರಡನೆಯ ಸಲ ಕೇಳಿದರು. ಅಜ್ಜಿಯ ಜೊತೆ ಬ್ಯಾಂಕಿಗೆ ಹೋದಾಗ, ಔಷಧದ ಅಂಗಡಿಯಲ್ಲಿ, ಬಸ್ಸಿನಲ್ಲಿ ಅವಳು ದಿನವೂ ಮಾಡುವ ಕೆಲಸವೇ ಇದು. ಅದಕ್ಕೆ ಒಂದು ಹೆಸರಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ, ಮಾಸ್ತರರೂ ಅಲ್ಲ.

ಆ ಸಂಜೆ ತರುಣ ಹಣ ಕೇಳದೆ ಅವಳಿಗೆ ಇನ್ನೊಮ್ಮೆ ಹಲಗೆ ಕೊಟ್ಟ. ಈ ಸಲ ಎದ್ದು ನಿಂತಳೆಂದು ಅವಳೇ ಹೇಳುತ್ತಾಳೆ. ದಡದಲ್ಲಿದ್ದ ಮಾಸ್ತರರು ಆ ಹೊತ್ತಿಗೆ ಹೆಂಡತಿಯ ಫೋನಿನಲ್ಲಿದ್ದರು. ಮೂಡುಬಿದಿರೆಯ ಕಾಲೇಜನ್ನು ಅವರು ಎರಡನೆಯ ದಿನವೇ ನೋಡಿ ಬಂದಿದ್ದರು. ಶುಲ್ಕ ಭಾರವಾದುದು, ವಸತಿನಿಲಯದ ನಿಯಮ ಬಿಗಿಯಾದುದು, ಫಲಿತಾಂಶ ಇನ್ನೂ ಬರಬೇಕಾದುದು. ಹೆಂಡತಿಗೆ ಅದನ್ನೆಲ್ಲ ಒಪ್ಪಿಸಿದರು. “ಹುಡುಗಿ ಏನಂತಾಳ?” ಎಂದು ಆಕೆ ಕೇಳಿದಾಗ, ಅವಳು ನೀರಿನಲ್ಲಿದ್ದಾಳೆ, ಬಂದ ಮೇಲೆ ಕೇಳುತ್ತೇನೆ ಎಂದರು. ಆಕೆಯಿಂದ ಬಹಳ ಹೊತ್ತು ಮಾತು ಬರಲಿಲ್ಲ. ಬಳಿಕ, ತಲೆ ಚಲೋ ಒರೆಸಿಕೊಳ್ಳಲು ಹೇಳಿರಿ ಎಂದಳು.

ಹಿಂದಿರುಗುವ ರೈಲಿನಲ್ಲಿ ಮಗಳು ಅರ್ಜಿಯನ್ನು ತುಂಬಿದಳು. ಮಾತೃಭಾಷೆಯ ಮುಂದೆ ಕನ್ನಡ, ಬಲ್ಲ ಭಾಷೆಗಳ ಮುಂದೆ ನಾಲ್ಕು. ಸೀಟು ಸಿಕ್ಕರೆ ಅವಳು ಮೂಡುಬಿದಿರೆಗೆ ಬರುವ ಹೊತ್ತಿಗೆ ಮಳೆಗಾಲ ಹಿಡಿದಿರುತ್ತದೆ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳೂ ಕಡಲಿಗೆ ಇಳಿಯುವುದಿಲ್ಲ. ಹಲಗೆಗಳನ್ನು ತೊಳೆದು ಒಳಗೆ ಪೇರಿಸಿಡುತ್ತಾರೆ. ಕಲಿಯುವವರು ಅಕ್ಟೋಬರ್ ತನಕ ಕಾಯಬೇಕು ಎಂದು ತರುಣ ಹೇಳಿ ಕಳುಹಿಸಿದ್ದಾನೆ.